ಅಮ್ಮನ ಸೋಡಿಯಂ

ಹೆಂಗಸರ ವಾರ್ಡು, ಮೂರನೇ ಮಹಡಿ,
ಹನ್ನೊಂದನೇ ಹಾಸಿಗೆಯ ಪಕ್ಕದ ಸ್ಟೂಲು
ಮಾರ್ಚ್ ೧೪, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಮೊದಲು ತಪ್ಪೊಪ್ಪಿಗೆ. ಕೆಳಗೆ ಸಹಿ ಮಾಡಿರುವ ನಾನು, ಸ್ವಸ್ಥ ಮನಸ್ಸಿನಿಂದ, ಯಾರ ಬಲವಂತವೂ ಇಲ್ಲದೆ, ನೀನು ಅಮ್ಮನಿಗೆ ಬರೆದ ಪತ್ರವನ್ನು ಒಡೆದು ಓದಿದ್ದೇನೆ. ಅಂಟು ಬಿಡಲೆಂದು ಕುದಿಯುವ ನೀರಿನ ಹಬೆಗೆ ಹಿಡಿದೆ. ಲಕೋಟೆಯ ಜೊತೆಗೆ ನನ್ನ ಹೆಬ್ಬೆರಳೂ ಬೆಂದಿತು, ಆದ್ದರಿಂದ ಶಿಕ್ಷೆ ಸ್ಥಳದಲ್ಲೇ ಜಾರಿಯಾಯಿತೆಂದು ತಿಳಿ.

ನಿನ್ನ ಮಂಡಿನೋವು ಹೇಗಿದೆ? ನದಿ ಮೇಲಿನ ಗಾಳಿಗೆ ಕಿವಿಗೆ ಬಟ್ಟೆ ಕಟ್ಟಿಕೊಳ್ಳುತ್ತೀಯೋ, ಇಲ್ಲ ಎಂಜಿನಿಯರಮ್ಮನ ಗತ್ತಿಗೆ ಹೆಲ್ಮೆಟ್ಟೊಂದೇ ಸಾಕೋ? ಸೇತುವೆಯ ಮೂರನೇ ಕಂಬ ಮೇಲೆದ್ದಿತೆ? ನೀನು ನೋಡಿದರೆ 'ಈ ತಿಂಗಳ ಕೊನೇಲಿ ರಾಜೀನಾಮೆ ಕೊಟ್ಟು ಬಂದುಬಿಡ್ತೀನಮ್ಮಾ, ನಿನ್ನ ಜೊತೆನೇ ಇರ್ತೀನಿ' ಎಂದು ಬರೆದಿದ್ದೀಯ. ಇಪ್ಪತ್ತು ವರ್ಷ ಬೇರೆಯವರ ನಕ್ಷೆಗೆ ಗೆರೆ ಎಳೆದವಳಿಗೆ ಈಗ ಮೊದಲ ಸಲ ಸ್ವಂತದ್ದೊಂದು ಸೇತುವೆ ಸಿಕ್ಕಿದೆ. ಅರ್ಧ ಕಟ್ಟಿದ ಸೇತುವೆ ಮೇಲೆ ನಡೆದು ಯಾರೂ ದಡ ಸೇರಿದ್ದಿಲ್ಲ. ಇದನ್ನು ಪೂರ್ತಿ ಓದುವ ತನಕ ಆ ಅರ್ಜಿಗೆ ಸಹಿ ಹಾಕಬೇಡ.

ಹೋದ ತಿಂಗಳು ಫೋನಿನಲ್ಲಿ ಹೇಳಿದ ಲಕ್ಷಣಗಳೆಲ್ಲ ನಿಜವೇ. ಅಮ್ಮ ನನ್ನನ್ನು ಮೀಟರ್ ನೋಡುವವನೆಂದು ಬಾಗಿಲಲ್ಲೇ ನಿಲ್ಲಿಸಿದ್ದಳು. ಕನ್ನಡಕ ಫ್ರಿಜ್ಜಿನಲ್ಲಿ, ಬಾಚಣಿಗೆ ಸಕ್ಕರೆ ಡಬ್ಬಿಯಲ್ಲಿ. ಐವತ್ತು ವರ್ಷ ಊರಿಗೆಲ್ಲ ಬಟ್ಟೆ ಹೊಲಿದುಕೊಟ್ಟವಳು ಯಾರದೋ ಅಂಗಿಯ ಕುತ್ತಿಗೆಗೆ ತೋಳು ಹೊಲಿದಿಟ್ಟಿದ್ದಳು. ವಯಸ್ಸಾಯಿತು, ಇನ್ನು ಹೀಗೇ ಎಂದು ನಾವಿಬ್ಬರೂ ಒಪ್ಪಿಕೊಂಡುಬಿಟ್ಟೆವು. ಈ ಸೋಮವಾರ ಬಚ್ಚಲಿನ ಹೊಸ್ತಿಲಲ್ಲಿ ಕುಸಿದಳು, ಇಲ್ಲಿಗೆ ಕರೆತಂದೆ. (ನೀನು ಕಾಂಕ್ರೀಟ್ ಹಾಕಿಸುವ ವಾರವೆಂದು ತಿಳಿಸಲಿಲ್ಲ. ಅದರ ಬೈಗುಳವನ್ನು ಬೇರೆ ಹಾಳೆಯಲ್ಲಿ ಕಳಿಸು.) ಇಲ್ಲಿನ ಡಾಕ್ಟರು ಚಿಕ್ಕ ವಯಸ್ಸಿನವರು, ಮರೆವಿನ ಕಾಯಿಲೆ ಇರಬೇಕು, ತಲೆಯ ಸ್ಕ್ಯಾನ್ ಮಾಡಿಸೋಣ ಅಂದರು. ಆಗ ಎದ್ದು ನಿಂತ ನೋಡು ನಿನ್ನ ತಮ್ಮ, ಹದಿನೆಂಟು ವರ್ಷ ಕಾಲೇಜಿನಲ್ಲಿ ಜೀವಕೋಶದ ಪಾಠ ಮಾಡಿ ಮಕ್ಕಳನ್ನು ಮಲಗಿಸಿದ ಮೇಷ್ಟ್ರು. ಮೊದಲು ರಕ್ತದ ಸೋಡಿಯಂ ನೋಡಿ ಅಂದೆ. ನೋಡಿದರು. ನೂರಾ ಮೂವತ್ತೈದಕ್ಕಿಂತ ಕೆಳಗಿಳಿಯಬಾರದ್ದು ಅಮ್ಮನಲ್ಲಿ ನೂರಾ ಹದಿನಾಲ್ಕು! ನಾವು ಮುಪ್ಪು ಅಂದುಕೊಂಡದ್ದು ಬರೀ ಉಪ್ಪು ಕಣೇ. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅಂತಾರಲ್ಲ, ಅವೆರಡೂ ಒಟ್ಟಿಗೆ ಕೈಬಿಡುವುದರಲ್ಲಿದ್ದವು.

ಪಾಠ ಬೇಡವೆಂದರೂ ಕೇಳು, ಪತ್ರದಲ್ಲಿ ಎದ್ದುಹೋಗಲು ಹಿಂದಿನ ಬೆಂಚಿಲ್ಲ. ಪ್ರತಿ ಕೋಶದ ಪೊರೆಯಲ್ಲೂ ಪಂಪಿನಂಥ ಕಾವಲುಗಾರರು ಇರುತ್ತಾರೆ. ಮೂರು ಸೋಡಿಯಂ ಆಚೆ ದಬ್ಬುವುದು, ಎರಡು ಪೊಟ್ಯಾಷಿಯಂ ಒಳಗೆ ಕರೆಯುವುದು, ಹಗಲೂ ರಾತ್ರಿ ಇದೇ ಚಾಕರಿ. ಹೊರಗೆ ಉಪ್ಪು ತೀರಾ ಕಡಿಮೆಯಾದರೆ ನೀರು ಕರೆಯದೆ ಬಂದ ನೆಂಟರಂತೆ ಕೋಶದೊಳಗೆ ನುಗ್ಗುತ್ತದೆ. ಕೋಶ ಊದುತ್ತದೆ. ಕಾಲು ಊದಿದರೆ ಚಪ್ಪಲಿ ಬದಲಿಸಬಹುದು, ಮಿದುಳು ಊದಿದರೆ ಬುರುಡೆ ಬದಲಿಸಲಾದೀತೆ? ಹೀಗೆ ಕೋಶಕ್ಕೆ ಬೀಳುವ ಪೆಟ್ಟಿನಲ್ಲಿ ಎರಡು ಜಾತಿ: ವಾಪಸು ಬರುವಂಥದ್ದು, ಬಾರದಂಥದ್ದು. ಪೊರೆ ಹರಿಯುವ ತನಕ ಕೋಶ ಊದಿಕೊಂಡೇ ಕಾಯುತ್ತದೆ. ಕಾರಣ ತೆಗೆದರೆ ಮೊದಲಿನಂತಾಗುತ್ತದೆ. ಹರಿದರೆ ಮುಗಿಯಿತು. ಪರೀಕ್ಷೆಯಲ್ಲಿ ಈ ವ್ಯತ್ಯಾಸಕ್ಕೆ ಐದು ಅಂಕ. ಇಲ್ಲಿ ಅಮ್ಮ ಯಾವ ಜಾತಿಯ ಪೆಟ್ಟು ತಿಂದಿದ್ದಾಳೆಂದು ಎರಡು ದಿನ ಯಾರಿಗೂ ಗೊತ್ತಿರಲಿಲ್ಲ. ಡ್ರಿಪ್ಪು ತೊಟ್ಟು ತೊಟ್ಟಾಗಿ ಇಳಿಯುವುದನ್ನು ನೋಡಲಾರದೆ, ಸ್ವಲ್ಪ ಜೋರಾಗಿ ಬಿಡಬಾರದೇ ಎಂದು ಹೆಡ್ ಸಿಸ್ಟರನ್ನು ಕಾಡಿದೆ. 'ಮೇಷ್ಟ್ರೇ, ಅವಸರ ಮಾಡಿದ್ರೆ ಊದಿರೋದು ಒಂದೇ ಸಲಕ್ಕೆ ಮುದುಡುತ್ತೆ. ಆಮೇಲೆ ಯಾರೂ ಸರಿ ಮಾಡಕ್ಕಾಗಲ್ಲ' ಅಂದರು. ಮತ್ತೆ ಸ್ಟೂಲಿಗೆ ಬಂದು ತೊಟ್ಟು ಎಣಿಸುತ್ತ ಕೂತೆ.

ನೂರಾ ಹತ್ತೊಂಬತ್ತು, ನೂರಾ ಇಪ್ಪತ್ತೈದು, ನೂರಾ ಇಪ್ಪತ್ತೊಂಬತ್ತು. ಬುಧವಾರ ಬೆಳಿಗ್ಗೆ ಅಮ್ಮ ಕಂಬಳಿಯ ಅಂಚು ಸವರಿ, 'ಇದನ್ನ ಯಾವ ಕೋತಿ ಹೊಲಿದಿದ್ದು' ಎಂದು ಕೇಳಿದಳು. ಆಮೇಲೆ ನನ್ನನ್ನು ನೋಡಿ, ಗಡ್ಡ ಬೋಳಿಸಿಕೊಂಡು ಬಾ, ಕಳ್ಳನ ಹಾಗಿದ್ದೀಯ ಅಂದಳು. ಇವತ್ತು ನೂರಾ ಮೂವತ್ತೆರಡು. ಗೋಡೆ ಹಿಡಿಯದೆ ಬಾಗಿಲ ತನಕ ನಡೆದಳು. ಕಾರಣವೂ ಸಿಕ್ಕಿದೆ: ಬಿಪಿಗೆ ಕೊಟ್ಟಿದ್ದ ಮಾತ್ರೆ ಉಪ್ಪನ್ನು ಮೂತ್ರದಲ್ಲಿ ಹೊರಗೆ ಕಳಿಸುವಂಥದ್ದು, ಅದರ ಮೇಲೆ ಸಪ್ಪೆ ಊಟ, ಅದರ ಮೇಲೆ ಮಿತಿಮೀರಿದ ನೀರು. ಮಾತ್ರೆ ಬದಲಿಸಿದ್ದಾರೆ. ಯಾರೋ ಅರೆಬೆಂದ ಪಂಡಿತರು ಸಲಹೆ ಕೊಟ್ಟಿರಬೇಕು, ಮೊದಲು ಅಂಥವರನ್ನು ಅಡ್ಮಿಟ್ ಮಾಡಬೇಕು ಅಂದರು ಡಾಕ್ಟರು. ನಾನೂ ತಲೆಯಾಡಿಸಿ ಜನರ ಅಜ್ಞಾನದ ಬಗ್ಗೆ ನಾಲ್ಕು ಮಾತು ಸೇರಿಸಿದೆ. ಒಟ್ಟಿನಲ್ಲಿ ಅಮ್ಮನನ್ನು ಉಳಿಸಿದ್ದು ನಿನ್ನ ತಮ್ಮನ ವಿದ್ಯೆ ಎಂದು ಸೇತುವೆಯವರಿಗೆಲ್ಲ ಧಾರಾಳವಾಗಿ ಹೇಳಿಕೊ.

ಅಮ್ಮ ನಿನಗೆ ಆಶೀರ್ವಾದ ಹೇಳಿದ್ದಾಳೆ. ಕಿವಿಗೆ ಬಟ್ಟೆ ಕಟ್ಟಿಕೊಳ್ಳದಿದ್ದರೆ ಅದನ್ನು ವಾಪಸು ತೆಗೆದುಕೊಳ್ಳುತ್ತಾಳಂತೆ. ನಿನ್ನ ಕೈಕೆಳಗಿನವರಿಗೆಲ್ಲ ನನ್ನ ಸಂತಾಪ, ಅಲ್ಲಲ್ಲ, ನಮಸ್ಕಾರ.

ಅಕ್ಕನ ಮುಂದೆ ಮಾತ್ರ ತಗ್ಗುವ,
ತಮ್ಮ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಬರೆದುಬಿಡುತ್ತೇನೆ. ನಿನ್ನೆ ಫೋನಿನಲ್ಲಿ ಹೇಳಲು ಹೊರಟು ಎರಡು ಸಲವೂ ಹವಾಮಾನ ವಿಚಾರಿಸಿ ಇಟ್ಟೆ. ಆ ಅರೆಬೆಂದ ಪಂಡಿತ ನಾನೇ. ನೀನು ಹೋದ ಮೇಲೆ ಅಮ್ಮನ ಆರೋಗ್ಯಕ್ಕೆ ನಾನೇ ಯಜಮಾನನೆಂದು ಉಪ್ಪು ಬಿಡಿಸಿದೆ, ಗೋಡೆಗೆ ಚಾರ್ಟು ಅಂಟಿಸಿ ಗಂಟೆಗೊಂದು ದೊಡ್ಡ ಲೋಟ ನೀರು ಕುಡಿಸಿದೆ. 'ಸಾಕು ಕಣೋ' ಅಂದಾಗ ಗದರಿದೆ. ದಿನಕ್ಕೆಷ್ಟು ನೀರು ಕುಡೀತಾರೆ ಎಂದು ಡಾಕ್ಟರು ಕೇಳಿದಾಗ ಗೋಡೆಯ ಚಾರ್ಟು ನೆನಪಾಗಿ, ಮಾತು ತಿರುಗಿಸಲು ಸೋಡಿಯಂ ನೋಡಿ ಅಂದುಬಿಟ್ಟೆ, ಅಷ್ಟೇ ನನ್ನ ವಿದ್ಯೆ. 'ನೀನು ಬಿಟ್ಟುಹೋದ ಕೊರಗಿಗೇ ಅಮ್ಮ ಹೀಗಾಗಿದ್ದು' ಎಂದು ನಿನಗೆ ಹೇಳಿದೆನಲ್ಲ, ಅದು ಶುದ್ಧ ಸುಳ್ಳು. ಆ ಮಾತಿಗೇ ನೀನು ಅರ್ಜಿ ಬರೆದದ್ದು, ಅದನ್ನು ಹರಿದು ಹಾಕು ಅಕ್ಕಾ. ಇವತ್ತು ಬೆಳಿಗ್ಗೆ ಡಾಕ್ಟರು, ಅಷ್ಟು ನೀರು ಯಾರಮ್ಮಾ ಕುಡಿಸಿದ್ದು ಎಂದು ಅಮ್ಮನನ್ನೇ ಕೇಳಿದರು. ನಾನು ಕಿಟಕಿಯ ಕಡೆ ತಿರುಗಿ ಇಲ್ಲದ ಹಕ್ಕಿ ನೋಡುತ್ತಿದ್ದೆ. 'ಯಾರೂ ಇಲ್ಲ ಡಾಕ್ಟ್ರೇ, ನಂಗೇ ಬಾಯಾರಿಕೆ ಜಾಸ್ತಿ' ಅಂದಳು ಅಮ್ಮ, ಒಂದಿಷ್ಟೂ ತಡವರಿಸದೆ. ಡಾಕ್ಟರು ನಂಬಿ ಬರೆದುಕೊಂಡರು. ನಾನು ಇನ್ನೂ ಆ ಹಕ್ಕಿಯನ್ನೇ ನೋಡುತ್ತಿದ್ದೆ.