ಕುರ್ಚಿ ತಿರುಗಿಸುವ ಊರಿನಿಂದ

ಸಮನೆಲ ಶಕೆ ನೂರಾ ಹನ್ನೊಂದು, ಫಾಲ್ಗುಣ ಮೂವತ್ತೆರಡು

ಮಾಬೂಬಿ ಅಕ್ಕಾರಿಗೆ ಶರಣು.

ಮೇಲಿನ ದಿನಾಂಕ ಕಂಡು ನಗಬೇಡಿ. ತಿಂಗಳಿಗೆ ಎರಡು ದಿನ ಹೆಚ್ಚಿಗೆ ಸೇರಿಸಿದವರು ನಮ್ಮ ಹಿರಿಯರು. ಯಾಕೆಂದು ಕೇಳಿದರೆ ಅವರಲ್ಲೇ ಒಮ್ಮತವಿಲ್ಲ. ನಾನು ನಿಮಗಿಂತ ನಾಲ್ಕು ತಲೆಮಾರು ಆಚೆಯವಳು, ತುಂಗವ್ವ ಬಳಿಗಾರ. ನಿಮ್ಮ ಹಾಗೆಯೇ ಗಾಲಿಕುರ್ಚಿಯಲ್ಲಿ ಕೂತು ನಾಟಕ ಆಡುವವಳು. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಮನ್ನಿಸಬೇಕು. ನ್ಯಾಯವಾಗಿ ನಿಮ್ಮನ್ನು ಮುತ್ತಜ್ಜಿ ಎನ್ನಬೇಕಿತ್ತು. ಆದರೆ ಈ ಪತ್ರ ಕೈಸೇರುವ ಹೊತ್ತಿಗೆ ನಿಮಗಿನ್ನೂ ನಲವತ್ತು ತುಂಬಿಲ್ಲ, ಅಜ್ಜಿ ಅಂದರೆ ನೀವು ಸುಮ್ಮನೆ ಬಿಡುವವರೂ ಅಲ್ಲವಂತೆ.

ನಿಮ್ಮ ಕಾಲದ ಲೆಕ್ಕದಲ್ಲಿ ಇವತ್ತು ಸಂಜೆ ಪುರಭವನದಲ್ಲಿ ನಿಮಗೆ ಸನ್ಮಾನ. ಅಲ್ಲಿನ ಎತ್ತರದ ವೇದಿಕೆಗೊಂದು ಇಳಿಜಾರು ದಾರಿ ಮಾಡಿಸಿಕೊಡಿ ಎಂದು ನೀವು ವರ್ಷಗಟ್ಟಲೆ ಅರ್ಜಿ ಹಿಡಿದು ಅಲೆದಿರಿ. ದಾರಿ ಆಗಲಿಲ್ಲ, ಸನ್ಮಾನ ಬಂತು. "ಚಿಂತಿ ಬ್ಯಾಡ್ರೀ ಅಕ್ಕಾರ, ನಾಕು ಹುಡುಗರು ಕುರ್ಚಿ ಸಮೇತ ಎತ್ತಿ ಮ್ಯಾಲಿಡ್ತಾರ" ಎಂದರಂತೆ ಸನ್ಮಾನ ಮಾಡುವ ಸಂಘದ ಅಧ್ಯಕ್ಷರು. ಏನು ಧಾರಾಳ! ನಿಮ್ಮ ನಾಟಕದ ಬಳಗದವರು ಒಪ್ಪಿಕೊಂಡುಬಿಡಿ ಎನ್ನುತ್ತಿದ್ದಾರೆ. ನಿಮಗೋ ಒಳಗೊಳಗೇ ಉರಿಯುತ್ತಿದೆ.

ಹಿಂದಿನವರಿಗೆ ಮುಂದಿನದನ್ನು ಹೇಳಬಾರದೆಂಬ ಕಟ್ಟಳೆ ನಮ್ಮಲ್ಲಿದೆ. ಹಾಳಾಗಿ ಹೋಗಲಿ, ಹೇಳುತ್ತೇನೆ. ನೀವು ವೇದಿಕೆ ಹತ್ತುವುದಿಲ್ಲ. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಮೇಲೆಯೇ ಕಾಯುತ್ತವೆ. ನೀವು ಭವನದ ಹಿಂಬಾಗಿಲಲ್ಲಿ, ಜನರ ಬೆನ್ನ ಹಿಂದೆ, ನಿಮ್ಮ ರಾಣಿ ಪಾತ್ರದ ಮೊದಲ ಮಾತು ಎತ್ತುತ್ತೀರಿ: "ದರ್ಬಾರ ಎಲ್ಲಿ ಐತಿ ಅಂತ ಕೇಳಬ್ಯಾಡ್ರಿ. ನಾ ಕುಂತಲ್ಲೇ ಐತಿ!" ಸಭೆಯಲ್ಲಿ ಗುಸುಗುಸು. ಅಧ್ಯಕ್ಷರು ಇಂಗು ತಿಂದ ಮಂಗನ ಹಾಗೆ ನಿಂತಿರುತ್ತಾರೆ. ಆಗ ಮುಂದಿನ ಸಾಲಿನಲ್ಲಿ ಅವರ ತಾಯಿ, ಮೊಣಕಾಲು ನೋವಿನ ಮುದುಕಿ, ಗದರುತ್ತಾರೆ: "ಏ, ನನ್ನ ಕುರ್ಚಿ ಆ ಕಡೆ ತಿರುಗಸ್ರೋ! ನಾಟಕ ಅಲ್ಲಿ ನಡದೈತಿ. ಇಲ್ಲಿ ಏನ್ ನೋಡ್ಲಿ, ನನ್ನ ಮಗನ ಮಾರಿನಾ?" ಒಂದು ಕುರ್ಚಿ ತಿರುಗುತ್ತದೆ, ಆಮೇಲೆ ಸಾಲಿಗೆ ಸಾಲೇ ತಿರುಗುತ್ತದೆ. ಆ ಸಂಜೆಯಿಂದಲೇ ನಮ್ಮ ಶಕೆ ಶುರು.

ಆ ವೇದಿಕೆ ಒಡೆಯುವುದಕ್ಕೆ ಮತ್ತೆ ಬಹಳ ಕಾಲ ಹಿಡಿಯಿತು. ನೀವು ಊರೂರಿನ ಹಿಂಬಾಗಿಲುಗಳಲ್ಲಿ ಆಡುತ್ತಲೇ ಹೋದಿರಿ, ಅರ್ಜಿ ಕೊಡುವುದನ್ನೂ ಬಿಡಲಿಲ್ಲ. ಈಗ ನಮ್ಮಲ್ಲಿ ಆಟವೆಲ್ಲ ನೆಲದ ಮೇಲೆ; ಅದನ್ನೇ ಸಮನೆಲ ಎನ್ನುತ್ತೇವೆ. ನಿಮ್ಮ ಆ ಸಂಜೆಯ ನೆನಪಿಗೆ ಕುರ್ಚಿಗಳನ್ನು ಮೊದಲು ಗೋಡೆಯ ಕಡೆ ಮುಖ ಮಾಡಿ ಇಡುತ್ತೇವೆ. ತಿರುವುಗಂಟೆ ಬಾರಿಸಿದಾಗ ಕಿವಿ ಕೇಳದವರಿಗೂ ಗೊತ್ತಾಗಲೆಂದು ನೆಲ ಸಣ್ಣಗೆ ನಡುಗುತ್ತದೆ. ಎಲ್ಲರೂ ಎದ್ದು ಕುರ್ಚಿ ತಿರುಗಿಸುತ್ತಾರೆ, ಏಳಲಾಗದವರದನ್ನು ಪಕ್ಕದವರು ತಿರುಗಿಸುತ್ತಾರೆ. ಬಸ್ಸುಗಳು ಹತ್ತುವವರ ಮುಂದೆ ಮಂಡಿಯೂರುತ್ತವೆ. ಸಂತೆಯಲ್ಲಿ ಅರ್ಧ ಚೌಕಾಸಿ ಕೈಮಾತಿನಲ್ಲೇ ನಡೆಯುತ್ತದೆ, ಬದನೆಕಾಯಿ ಮಾರುವವಳು ಬೆರಳಲ್ಲೇ ಬೈದು ಕಳಿಸುತ್ತಾಳೆ. ಹಾಗಂತ ಎಲ್ಲ ಸರಿಹೋಯಿತೆಂದು ತಿಳಿಯಬೇಡಿ. ನನ್ನನ್ನು ಕಂಡು "ಅಯ್ಯೋ ಪಾಪ" ಎನ್ನುವವರು ಈಗಲೂ ಇದ್ದಾರೆ.

ಇನ್ನು ನನ್ನ ಸಂಕಟ ಕೇಳಿ. ಪುರಭವನದಲ್ಲಿ ಎತ್ತರದ ವೇದಿಕೆಯನ್ನು ನಗರಸಭೆ ಮತ್ತೆ ಕಟ್ಟಿದೆ. ಜೊತೆಗೆ ಎತ್ತುಗೈ ಎಂಬ ಯಂತ್ರ ತಂದಿದೆ. ಅದು ಚಾವಣಿಯಿಂದ ಇಳಿದು ಯಾರನ್ನಾದರೂ ಮಗುವಿನಂತೆ ಎತ್ತಿ ಮೇಲಿಡುತ್ತದೆ. ಕುರ್ಚಿ ತಿರುಗಿಸುವ ಪದ್ಧತಿ ಇನ್ನು ಬೇಡವಂತೆ, ಬರೀ ಗಲಾಟೆಯಂತೆ. ಇದನ್ನೆಲ್ಲ ಹಟ ಹಿಡಿದು ಮಾಡಿಸಿದ ಸದಸ್ಯೆ ನನ್ನ ಹೆತ್ತವ್ವ. "ನಿನ್ನ ಮಾರಿ ಹಿಂದಿನ ಸಾಲಿನವರಿಗೂ ಕಾಣ್ಲಿ ಅಂತ ಮಾಡ್ಸೀನಿ. ನೀ ಯಾಕ ಸಿಡಿಮಿಡಿ ಮಾಡ್ತಿ, ಮಗಳ?" ಎನ್ನುತ್ತಾಳೆ. ಅವಳ ಮಾತಿನಲ್ಲಿ ಸುಳ್ಳಿಲ್ಲ, ಹಿಂದಿನವರಿಗೆ ನಾನು ಸರಿಯಾಗಿ ಕಾಣುವುದಿಲ್ಲ. ಆದರೆ ಆ ಯಂತ್ರದ ಗುಂಡಿ ಇನ್ನೊಬ್ಬರ ಕೈಯಲ್ಲಿರುತ್ತದೆ. ಅವರು ಒತ್ತಿದರೆ ಮಾತ್ರ ನಾನು ಮೇಲೆ, ಅವರು ನೆನೆದಾಗ ಕೆಳಗೆ. ಇದನ್ನು ಅವ್ವನಿಗೆ ಹೇಳಿ ಹೇಳಿ ಸಾಕಾಗಿದೆ. ನಾಳೆ ಉದ್ಘಾಟನೆ, ಮೊದಲು ಎತ್ತುವುದು ನನ್ನನ್ನೇ.

ಅಕ್ಕಾರೆ, ನಾನು ಹತ್ತುವುದಿಲ್ಲ. ಹಿಂಬಾಗಿಲಲ್ಲಿ ಕೂತು ನಿಮ್ಮ ಮಾತನ್ನೇ ಆಡುತ್ತೇನೆ, ಅಪ್ಪಣೆ ಕೊಡಿ. ಮುಂದಿನ ಸಾಲಿನಲ್ಲಿ ಅವ್ವ ಕೂತಿರುತ್ತಾಳೆ. ಊರಿಗೆ ಊರೇ ತಿರುಗಿ, ಅವಳೊಬ್ಬಳು ತಿರುಗದಿದ್ದರೆ? ನನಗೆ ಹೆದರಿಕೆಯಾಗುತ್ತಿದೆ. ನಿಮ್ಮ ಮೊದಲ ಮಾತು ಮುಗಿದ ಮೇಲೆ, ಆ ಮೊದಲ ಕುರ್ಚಿಯ ಸದ್ದು ಕೇಳುವ ತನಕ, ಎದುರಿಗೆ ಬರೀ ಬೆನ್ನುಗಳಿದ್ದಾಗ ನೀವು ಏನು ಮಾಡಿದಿರಿ ಎಂಬುದನ್ನು ಮಾತ್ರ ನಮಗೆ ಯಾರೂ ಹೇಳಿಲ್ಲ.

ಇವತ್ತು ಸಂಜೆ ಆ ಹೊತ್ತು ಬಂದಾಗ ನಿಲ್ಲಿಸಬೇಡಿ. ಎರಡನೆಯ ಮಾತನ್ನೂ ಆಡಿಬಿಡಿ. ನಾನೂ ಆಡುತ್ತೇನೆ, ಅವ್ವನ ಬೆನ್ನು ನೋಡುತ್ತಾ.

ನಿಮ್ಮ ತುಂಗವ್ವ