ರಕ್ಷಣಾ ಕೋಶಗಳು ಹಾಜರಿರುವ ಕಾರಣ ಅರ್ಜಿ ತಿರಸ್ಕೃತ

ಚಿಕಿತ್ಸಾ ಮಂಜೂರಾತಿ ಮಂಡಳಿಯ ಮಾನ್ಯ ಅಧ್ಯಕ್ಷರೇ,

ನನ್ನ ಅಕ್ಕನ ನಾಲಿಗೆಯ ಬಲ ಅಂಚಿನಲ್ಲಿ ಕಿರುಬೆರಳಿನ ಉಗುರಿನಷ್ಟು ಅಗಲದ ಒಂದು ಬಿಳಿ ಮಚ್ಚೆ ಇದೆ. ಅದನ್ನು ತೆಗೆಸಲು ಅನುಮತಿ ಕೊಡಿ ಎಂದು ಆರು ತಿಂಗಳ ಹಿಂದೆ ತಮಗೆ ಅರ್ಜಿ ಹಾಕಿದ್ದೆವು. ತಾವು ಕೊಡಲಿಲ್ಲ. ಕೊಡದಿರುವುದು ಹೊಸದಲ್ಲ, ಆ ಕೆಲಸದಲ್ಲಿ ತಮ್ಮ ಮಂಡಳಿಯದು ಪಳಗಿದ ಕೈ. ಆದರೆ ತಾವು ಕೊಟ್ಟ ಕಾರಣ ಮಾತ್ರ ಅಪರೂಪದ್ದು. ತಮ್ಮ ಪತ್ರದಲ್ಲಿದ್ದಂತೆಯೇ ಇಳಿಸುತ್ತೇನೆ: “ಸದರಿ ಜಾಗದಲ್ಲಿ ರೋಗಿಯ ದೇಹದ ರಕ್ಷಣಾ ಕೋಶಗಳು ಈಗಾಗಲೇ ದೊಡ್ಡ ಸಂಖ್ಯೆಯಲ್ಲಿ ಹಾಜರಿರುವುದು ವರದಿಯಿಂದ ಕಂಡುಬಂದಿರುವುದರಿಂದ ಶಸ್ತ್ರಚಿಕಿತ್ಸೆಯ ಅಗತ್ಯವಿರುವುದಿಲ್ಲ. ಕ್ಯಾನ್ಸರ್ ಖಚಿತಪಟ್ಟಲ್ಲಿ ಆದ್ಯತೆಯ ಮೇರೆಗೆ ಪರಿಗಣಿಸಲಾಗುವುದು.”

ಹಾಜರಿಯ ಮೇಲೆ ತಮಗಿರುವ ಭಕ್ತಿಗೆ ಕೈ ಮುಗಿಯಬೇಕು. ತಮ್ಮ ಕಚೇರಿಗೆ ನಾನು ನಾಲ್ಕು ಸಲ ಬಂದಿದ್ದೇನೆ. ಮೂರನೇ ಕೌಂಟರಿನ ಕುರ್ಚಿಗೆ ಒಂದು ಬೂದುಬಣ್ಣದ ಸ್ವೆಟರ್ ತೂಗುಹಾಕಿರುತ್ತದೆ. ಸ್ವೆಟರ್ ಇದೆ ಎಂದರೆ ಸಾಹೇಬರು ಇದ್ದಾರೆ ಎಂದೇ ಅರ್ಥ ಎಂದು ಪಕ್ಕದ ಕೌಂಟರಿನವರು ಪ್ರತಿ ಸಲವೂ ಹೇಳಿದರು. ನಾಲ್ಕು ಸಲವೂ ನಾನು ಕಂಡದ್ದು ಸ್ವೆಟರನ್ನೇ. ಅದೇ ನ್ಯಾಯವನ್ನು ತಾವು ನನ್ನ ಅಕ್ಕನ ನಾಲಿಗೆಗೂ ಹಚ್ಚಿದ್ದೀರಿ. ಒಂದು ಮನೆಯ ಮುಂದೆ ಪೊಲೀಸರು ಗುಂಪುಗೂಡಿದ್ದರೆ ಒಳಗೆ ಏನೋ ನಡೆದಿದೆ ಎಂದು ಮಗುವಿಗೂ ಹೊಳೆಯುತ್ತದೆ. ಪೊಲೀಸರೇ ಬಂದಿದ್ದಾರಲ್ಲ, ಇನ್ನು ಕಳ್ಳನ ಮಾತೇಕೆ ಎಂದು ಕಡತ ಮುಚ್ಚುವವರು ತಾವೊಬ್ಬರೇ ಇರಬೇಕು.

ಇದನ್ನು ಹೇಳಲು ನಾನ್ಯಾರು ಎಂದು ಕೇಳುತ್ತೀರಿ. ನಾನು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದೇನೆ. ರೋಗಿಗಳಿಂದ ತೆಗೆದ ಚೂರನ್ನು ಮೇಣದಲ್ಲಿ ಕೂರಿಸಿ, ಕೂದಲಿಗಿಂತ ತೆಳ್ಳಗೆ ಸೀಳಿ, ಗಾಜಿನ ಪಟ್ಟಿಯ ಮೇಲೆ ಹಾಸಿ, ಬಣ್ಣ ಹಾಕುವುದು ನನ್ನ ಕೆಲಸ. ಸೂಕ್ಷ್ಮದರ್ಶಕದಲ್ಲಿ ನೋಡಿ ತೀರ್ಪು ಕೊಡುವುದು ನಮ್ಮ ಡಾಕ್ಟರಮ್ಮನ ಕೆಲಸ. ಆ ತೀರ್ಪನ್ನು ಟೈಪು ಮಾಡುವುದು ಮತ್ತೆ ನನ್ನದೇ. ಅಕ್ಕನ ಚೂರನ್ನೂ ನಾನೇ ಸೀಳಿದೆ. ಮೊದಲ ಎರಡು ಸೀಳು ಹಾಳಾದವು.

ಅಂದು ಡಾಕ್ಟರಮ್ಮ ನನ್ನನ್ನೂ ಕರೆದು ತೋರಿಸಿದರು. ಬಾಯಿಯ ಒಳಪದರ ಮಹಡಿ ಮನೆಯ ಹಾಗೆ, ಸಾಲಿನ ಮೇಲೆ ಸಾಲು. ತಳದಲ್ಲಿ ಒಂದು ತೆಳು ಗೆರೆ, ಅದೇ ಗಡಿ. ಅಕ್ಕನದರಲ್ಲಿ ಕೆಳಗಿನ ಸಾಲುಗಳು ಕದಡಿಹೋಗಿದ್ದವು, ಕೋಶಗಳು ಅಡ್ಡಾದಿಡ್ಡಿ ಬೆಳೆದಿದ್ದವು. ಗೆರೆ ದಾಟಿರಲಿಲ್ಲ, ಆದ್ದರಿಂದ ಅದಿನ್ನೂ ಕ್ಯಾನ್ಸರ್ ಅಲ್ಲ, ಕ್ಯಾನ್ಸರ್‌ಗೆ ಮುಂಚಿನ ಬದಲಾವಣೆ. ಗೆರೆಯ ಕೆಳಗೆ ನೀಲಿ ಚುಕ್ಕೆಗಳ ದೊಡ್ಡ ಜಾತ್ರೆಯೇ ನೆರೆದಿತ್ತು. ರಕ್ಷಣಾ ಕೋಶಗಳು. ಎಷ್ಟೊಂದು ಬಂದಿವೆ ಎಂದು ನಾನು ಹಿಗ್ಗಿದೆ. ಡಾಕ್ಟರಮ್ಮ ಕಣ್ಣು ಎತ್ತದೆ ಹೇಳಿದರು: “ಬಂದಿದಾವೆ ಅಷ್ಟೇ ಕಣಪ್ಪ. ಯಾರ ಕಡೆಯವು ಅಂತ ಈ ಬಣ್ಣದಲ್ಲಿ ಗೊತ್ತಾಗಲ್ಲ.”

ಅವರು ಬಿಡಿಸಿ ಹೇಳಿದ್ದನ್ನು ತಮಗೂ ಹೇಳುತ್ತೇನೆ, ಕಚೇರಿ ನಡೆಸುವವರಿಗೆ ಬೇಗ ಅರ್ಥವಾದೀತು. ಆ ಗುಂಪಿನಲ್ಲಿ ಕೆಟ್ಟ ಕೋಶವನ್ನು ಗುರುತಿಸಿ ಕೊಲ್ಲುವವು ಕೆಲವು. ಅವು ದುಡಿಯುತ್ತಿರುವವರೆಗೆ ಮಚ್ಚೆ ಮಚ್ಚೆಯಾಗಿಯೇ ಉಳಿಯುವ ಆಸೆ ಇರುತ್ತದೆ. ಸಾಕು ನಿಲ್ಲಿಸಿ ಎಂದು ಸಮಾಧಾನ ಹೇಳುವವು ಇನ್ನು ಕೆಲವು. ಅವೂ ಬೇಕು, ಇಲ್ಲದಿದ್ದರೆ ದೇಹ ತನ್ನನ್ನೇ ತಿಂದುಕೊಂಡೀತು. ಆದರೆ ಕೆಟ್ಟ ಕೋಶಗಳು ಬಲು ಚಾಲಾಕು, ಈ ಸಮಾಧಾನದವರನ್ನೇ ಹೆಚ್ಚೆಚ್ಚು ಕರೆಸಿಕೊಳ್ಳುತ್ತವೆ. ಹೊಡೆದಾಡುವವು ದಣಿದು ಕೈಚೆಲ್ಲುತ್ತವೆ. ಕಸ ಗುಡಿಸಲು ಬಂದ ಕೆಲವು ಕೊನೆಗೆ ಕೆಟ್ಟದ್ದಕ್ಕೇ ಉಣಿಸಿ ಬೆಳೆಸುತ್ತವೆ. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ. ಹಾಜರಾದವರೆಲ್ಲ ಕೆಲಸಕ್ಕೇ ಬಂದವರಲ್ಲ ಎಂಬ ಸತ್ಯವನ್ನು ತಮಗೆ ಕಲಿಸಲು ನಾಲಿಗೆಯ ಚೂರೇ ಬೇಕಿತ್ತೇ? ಮೂರನೇ ಕೌಂಟರು ಸಾಲದಾಗಿತ್ತೇ?

ಈಗ ನನ್ನ ತಪ್ಪೊಪ್ಪಿಗೆ. ನಮ್ಮ ಪ್ರಯೋಗಾಲಯದ ರೂಢಿಯಲ್ಲಿ ತೀರ್ಪು ಮೊದಲ ಸಾಲಿನಲ್ಲಿರುತ್ತದೆ, ವಿವರ ಆಮೇಲೆ. ಅಕ್ಕ ಬಂದ ಲಕೋಟೆಯನ್ನು ಬಾಗಿಲಲ್ಲೇ ನಿಂತು ಹರಿಯುವವಳು. ಮೊದಲ ಸಾಲೇ ಅವಳ ಎದೆ ಒಡೆಯಬಾರದೆಂದು, ರಕ್ಷಣಾ ಕೋಶಗಳ ಸಾಲನ್ನು ಮೇಲಕ್ಕೇರಿಸಿ ತೀರ್ಪನ್ನು ಕೊನೆಗಿಳಿಸುತ್ತೇನೆ ಎಂದು ಡಾಕ್ಟರಮ್ಮನನ್ನು ಬೇಡಿಕೊಂಡೆ, ಕಾಲು ಹಿಡಿಯುವುದೊಂದು ಬಾಕಿ. ಅವರು ಗೊಣಗುತ್ತಲೇ ಸಹಿ ಹಾಕಿದರು. ಹೇಗೂ ಮಂಡಳಿಯವರು ಕೊನೆಯವರೆಗೆ ಓದುತ್ತಾರಲ್ಲ ಎಂದರು. ಅಷ್ಟು ಕಲಿತವರು ಅಷ್ಟು ಮುಗ್ಧರಾಗಿರಬಾರದು. ಅಕ್ಕ ಆ ವರದಿಯನ್ನು ಬಾಗಿಲಲ್ಲೇ ನಿಂತು ಕೊನೆಯ ಸಾಲಿನವರೆಗೂ ಓದಿದಳು. ತಾವು ಕುಳಿತುಕೊಂಡು ಮೊದಲ ಸಾಲಿಗೇ ಸುಸ್ತಾದಿರಿ.

ಸಾಲು ಸರಿಪಡಿಸಿದ ಪ್ರತಿ ಹಿಡಿದು ತಮ್ಮ ಕಚೇರಿಗೆ ಬಂದೆ. ಒಂದೇ ಚೂರಿಗೆ ಎರಡು ವರದಿ ಸ್ವೀಕರಿಸುವ ನಿಯಮವಿಲ್ಲ ಎಂದರು ಕೌಂಟರಿನವರು. ಕ್ಯಾನ್ಸರ್ ಆಗಿಲ್ಲವಲ್ಲ, ಸಂತೋಷಪಡಿ ಎಂದೂ ಬುದ್ಧಿ ಹೇಳಿದರು. ಸಂತೋಷಪಡಲು ಪ್ರಯತ್ನಿಸಿದೆ ಮಾನ್ಯರೇ, ಆಗಲಿಲ್ಲ.

ನನ್ನ ಅಕ್ಕ ಯಾರೆಂದು ತಮಗೆ ಗೊತ್ತಿಲ್ಲದಿದ್ದರೂ ಅವಳ ದನಿ ಗೊತ್ತು. ದೊಡ್ಡ ಬಸ್ ನಿಲ್ದಾಣದಲ್ಲಿ ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ಹೊರಡುತ್ತಿದೆ ಎಂದು ಹತ್ತೊಂಬತ್ತು ವರ್ಷದಿಂದ ಕೂಗುವವಳು ಅವಳೇ. ಗಾಜಿನ ಸಣ್ಣ ಕೋಣೆ, ಒಂದು ಮೈಕು, ಮಾತಾಡುವಾಗ ಆರಿಸಿ ಆಮೇಲೆ ಹಾಕುವ ಒಂದು ಫ್ಯಾನು. ಮಚ್ಚೆಯನ್ನು ಅಂದೇ ತೆಗೆದಿದ್ದರೆ ಕೆಲವು ವಾರ ಮೌನವಾಗಿದ್ದು ಮತ್ತೆ ಕೂಗಲು ಕೂರುತ್ತಿದ್ದಳು. ಗೆರೆ ದಾಟಿದ ಮೇಲೆ ಅರ್ಧ ನಾಲಿಗೆಯೇ ಹೋಗಬಹುದು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎನ್ನುವ ಗಾದೆಯನ್ನು ತಾವು ನಿಯಮಾವಳಿಗೇ ಸೇರಿಸಿಕೊಂಡಿದ್ದೀರಿ. ಕೊಡಲಿಗೆ ಆದ್ಯತೆಯನ್ನೂ ಕೊಟ್ಟಿದ್ದೀರಿ.

ಕಳೆದ ವಾರ ಎರಡನೇ ಚೂರು ತೆಗೆದರು. ಈ ಸಲ ಯಾವ ಕೋಶ ಯಾವ ಕಡೆಯದು ಎಂದು ತೋರಿಸುವ ವಿಶೇಷ ಬಣ್ಣವನ್ನೂ ಹಾಕಿದೆ. ಜನ ಅಷ್ಟೇ ಇದ್ದರು, ಆದರೆ ಕೊಲ್ಲುವವು ವಿರಳವಾಗಿದ್ದವು, ಸಮಾಧಾನ ಹೇಳುವವು ತುಂಬಿಕೊಂಡಿದ್ದವು. ಮಹಡಿಗಳೆಲ್ಲ ತಳದಿಂದ ತುದಿಯವರೆಗೆ ಕದಡಿಹೋಗಿವೆ. ಗೆರೆ ಮಾತ್ರ ಇನ್ನೂ ತುಂಡಾಗಿಲ್ಲ. ಡಾಕ್ಟರಮ್ಮ ಕನ್ನಡಕ ತೆಗೆದಿಟ್ಟು, ಇನ್ನು ಕಾಯುವಂತಿಲ್ಲ ಎಂದರು. ತೀರ್ಪನ್ನು ಮೊದಲ ಸಾಲಿನಲ್ಲಿ, ದಪ್ಪ ಅಕ್ಷರದಲ್ಲಿ ಟೈಪು ಮಾಡಿದ್ದೇನೆ. ತಮ್ಮ ನಿಯಮದಂತೆ ಅಕ್ಕ ಈಗಲೂ ಅನರ್ಹಳು, ಅದೂ ನನಗೆ ಗೊತ್ತು. ನನಗೆ ಭಯವಾಗಿದೆ.

ತಮ್ಮ ಹಳೆಯ ಪತ್ರವನ್ನು ಮೊನ್ನೆ ಅಕ್ಕನ ಗಾಜಿನ ಕೋಣೆಯಲ್ಲಿ ಕೂತು ಇನ್ನೊಮ್ಮೆ ಓದಿ ಹೇಳಿದೆ. ಅವಳು ಮೈಕು ಆರಿಸಿದಳು. “ಕ್ಯಾನ್ಸರ್ ಆದ್ಮೇಲೆ ಬನ್ನಿ ಅಂತಾರಲ್ಲೋ,” ಎಂದಳು. “ಹತ್ತೊಂಬತ್ತು ವರ್ಷದಲ್ಲಿ ನಾನು ಒಂದ್ಸಲಾನೂ, ಬಸ್ಸು ಹೋದ್ಮೇಲೆ ಬನ್ನಿ ಅಂತ ಕೂಗಿಲ್ಲ ಕಣೋ.”

ಶುಕ್ರವಾರ ಬೆಳಿಗ್ಗೆಗೆ ಆಸ್ಪತ್ರೆಯವರು ಹಾಸಿಗೆ ಕಾದಿರಿಸಿದ್ದಾರೆ. ಗುರುವಾರ ಸಂಜೆಯೊಳಗೆ ತಮ್ಮ ಸಹಿ ಬೇಕು. ಜೊತೆಗೆ ಆ “ಹಾಜರಿರುವುದರಿಂದ” ಎಂಬ ವಾಕ್ಯವನ್ನು ತಮ್ಮ ಕಚೇರಿಯ ಪತ್ರಗಳಿಂದ ಶಾಶ್ವತವಾಗಿ ಕಿತ್ತುಹಾಕಬೇಕು, ಬೇರೆಯವರ ಅಕ್ಕಂದಿರೂ ಇದ್ದಾರೆ. ಗುರುವಾರ ಅಕ್ಕನದು ಹಗಲು ಪಾಳಿ. ಸಹಿ ಹಾಕಿ ಬಸ್ ನಿಲ್ದಾಣದ ಕಡೆ ಬನ್ನಿ, ಅವಳ ದನಿ ಕೇಳಿಕೊಂಡು ಹೋಗಿ. ಸಹಿ ಹಾಕದಿದ್ದರೂ ಬನ್ನಿ, ಆಗ ಇನ್ನೂ ಸ್ವಲ್ಪ ಗಮನವಿಟ್ಟು ಕೇಳಿ.

ಇಂತಿ,
ಹಾಜರಿದ್ದೂ ಕೆಲಸಕ್ಕೆ ಬಾರದ ಇನ್ನೊಂದು ಕೋಶ,
ಅಂದರೆ ಅವಳ ತಮ್ಮ