ತೌಡು ಕೊಟ್ಟು ಕೊಂಡ ಅಮ್ಮನನ್ನು ರದ್ದು ಮಾಡಿದವರಿಗೆ

ಮಾನ್ಯ ವೈದ್ಯಾಧಿಕಾರಿಗಳೇ,

ನಮ್ಮ ಬಡಾವಣೆಯ ಆರೋಗ್ಯ ಕೇಂದ್ರದಲ್ಲಿ, ನಿಮ್ಮ ಕೊಠಡಿಯ ಕಬ್ಬಿಣದ ಬೀರುವಿನೊಳಗೆ, ನನ್ನ ಮಗಳ ಚುಚ್ಚುಮದ್ದಿನ ಕಾರ್ಡು ಇದೆ. ಅದರ ಮೇಲೆ ನೀವು ಕೆಂಪು ಶಾಯಿಯಲ್ಲಿ ಅಡ್ಡಡ್ಡವಾಗಿ ‘ರದ್ದು’ ಎಂದು ಬರೆದಿದ್ದೀರಿ. ರದ್ದಾದದ್ದು ಕಾರ್ಡು ಮಾತ್ರ ಎಂದು ನೀವು ತಿಳಿದಿರಬಹುದು. ಅಲ್ಲ ಸ್ವಾಮಿ, ಅದರ ಜೊತೆಗೆ ಒಬ್ಬ ಹೆಂಗಸೂ ರದ್ದಾದಳು. ಅವಳು ನಮ್ಮ ಪಕ್ಕದ ಮನೆಯಲ್ಲೇ ಇದ್ದಾಳೆ, ಉಸಿರಾಡುತ್ತಿದ್ದಾಳೆ, ಮೇಕೆಗಳಿಗೆ ಮೇವು ಹಾಕುತ್ತಿದ್ದಾಳೆ. ಆದರೆ ನನ್ನ ಮಗಳು ಹೋಗಿ ಬಾಗಿಲು ತಟ್ಟಿದರೆ ತೆಗೆಯುವುದಿಲ್ಲ. ಇದನ್ನು ಎದುರಿಗೆ ನಿಂತೇ ಹೇಳೋಣವೆಂದು ಬಂದೆ. ಒಂದು ದಿನ ನಿಮಗೆ ಮೀಟಿಂಗು, ಇನ್ನೊಂದು ದಿನ ಪೋಲಿಯೋ ಹನಿಯ ಕೆಲಸ, ಮತ್ತೊಂದು ದಿನ ನಿಮ್ಮ ಕುರ್ಚಿಯ ಮೇಲೆ ನಿಮ್ಮ ಟವೆಲ್ಲು ಮಾತ್ರ ಇತ್ತು. ಟವೆಲ್ಲಿಗೆ ಹೇಳಿಕೊಂಡು ಏನು ಪ್ರಯೋಜನ? ಅದಕ್ಕೇ ಪತ್ರಿಕೆಗೆ ಬರೆಯುತ್ತಿದ್ದೇನೆ, ಊರೇ ಓದಲಿ.

ನಾನು ಓದಿದ್ದು ಅಷ್ಟಕ್ಕಷ್ಟೆ. ತಮ್ಮನನ್ನು ನೋಡಿಕೊಳ್ಳಲು ಐದನೇ ಕ್ಲಾಸಿನಲ್ಲಿ ಬಿಡಿಸಿದರು, ಮತ್ತೆ ಸೇರಿಸಿದರು, ಏಳರಲ್ಲಿ ಮತ್ತೆ ಬಿಡಿಸಿದರು. ನನ್ನ ಬರವಣಿಗೆಯೂ ಹಾಗೆಯೇ, ಬಿಟ್ಟು ಸೇರಿಸಿದ್ದು. ತಪ್ಪು ಕಂಡರೆ ಅದಕ್ಕೂ ನಿಮ್ಮ ಕೆಂಪು ಶಾಯಿ ಹಾಕಿ. ಇನ್ನೊಂದನ್ನೂ ಮೊದಲೇ ಹೇಳಿಬಿಡುತ್ತೇನೆ: ನಾನು ಹೆದರುಪುಕ್ಕಲಿ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್‌ಸ್ಟಾಪಿನಿಂದ ಮನೆಗೆ ಓಡಿ ಬರುವವಳು. ಆದರೆ ನನ್ನ ಭಯಕ್ಕೆ ಕಾರಣವಿದೆ. ಈ ಮಗಳು ಸುಕನ್ಯಗಿಂತ ಮುಂಚೆ ನಾನು ಎರಡು ಗಂಡು ಹೆತ್ತಿದ್ದೆ. ಒಂದು ನಾಮಕರಣಕ್ಕೂ ನಿಲ್ಲಲಿಲ್ಲ. ಇನ್ನೊಂದು ಮಗುಚಿಕೊಳ್ಳುವುದನ್ನು ಕಲಿತ ವಾರವೇ ಹೋಯಿತು. ಹೀಗೆ ಎರಡು ಸಲ ತೊಟ್ಟಿಲು ಬಿಚ್ಚಿಟ್ಟವಳಿಗೆ, ಮೂರನೇ ಸಲ ಕಟ್ಟುವಾಗ ಗಂಟನ್ನು ಹತ್ತು ಸಲ ಎಳೆದು ನೋಡದೆ ಇರಲಾದೀತೇ?

ಸುಕನ್ಯ ಹುಟ್ಟಿದಾಗ ನಮ್ಮ ಅತ್ತೆ ಜಟ್ಟೆಮ್ಮನವರು ಹೇಳಿದರು, “ಈ ಮನೇಲಿ ಹುಟ್ಟಿದ್ದು ಈ ಮನೇಲಿ ನಿಲ್ತಾ ಇಲ್ಲ. ಇದನ್ನ ಮಾರ್ಬಿಡ್ಬೇಕು.” ನಮ್ಮ ಕಡೆಯ ಹಳೇ ಊರುಗಳಲ್ಲಿ ಇದೊಂದು ಶಾಸ್ತ್ರ. ಮಗುವನ್ನು ಮೊರದಲ್ಲಿ ಮಲಗಿಸಿ ತಿಪ್ಪೆಯ ಪಕ್ಕದಲ್ಲಿಡುತ್ತಾರೆ. ಮಕ್ಕಳು ಉಳಿದ ಮನೆಯ ಹೆಂಗಸೊಬ್ಬಳು ಬಂದು ತೌಡು ಕೊಟ್ಟು ಕೊಂಡುಕೊಳ್ಳುತ್ತಾಳೆ. ಸಾವು ಮತ್ತೆ ನಮ್ಮ ಬಾಗಿಲಿಗೆ ಬಂದರೆ, ‘ಇಲ್ಲಿ ಮಗು ಇಲ್ಲಪ್ಪ, ಮಾರಿಬಿಟ್ಟೆವು’ ಎನ್ನುವುದಕ್ಕೆ. ಹಾಲು ಕೊಡುವುದು, ಸಾಕುವುದು ಎಲ್ಲ ಹೆತ್ತವಳೇ. ಆದರೆ ಹೊರಗೆ ಕೇಳಿದವರಿಗೆ ‘ಇದು ಅವಳ ಮಗು’ ಎನ್ನಬೇಕು. ಮದುವೆಗೆ ಮುಂಚೆ ಸೀರೆ, ಎಲೆ ಅಡಿಕೆ ಕೊಟ್ಟು ಬಿಡಿಸಿಕೊಳ್ಳಬೇಕು.

ಪಕ್ಕದ ಮನೆಯ ಮುನಾವರ್ ಬೀಗೆ ಮೂರು ಗಂಡುಮಕ್ಕಳು, ಮೂರೂ ಗಟ್ಟಿ. ಮೇಕೆ ಸಾಕಿದ್ದರಿಂದ ಮನೆಯಲ್ಲಿ ತೌಡೂ ಇತ್ತು. ಮರ್ಫಿ ಟೌನಿನಲ್ಲಿ ತಿಪ್ಪೆ ಎಲ್ಲಿಂದ ಬರಬೇಕು? ಬೀದಿ ಕೊನೆಯ ಕಸದ ಗುಡ್ಡೆಯ ಪಕ್ಕ ಮೊರ ಇಟ್ಟೆವು. ಮುನಾವರಕ್ಕ ಸೇರು ತುಂಬ ತೌಡು ತಂದು ಸುರಿದಳು. “ಅಳೆದು ನೋಡ್ಕೋ ಜಟ್ಟೆಮ್ಮಾ. ಆಮೇಲೆ ಕಮ್ಮಿ ಬಂತು ಅಂತ ಮಗೂನ ವಾಪಸ್ ಕೇಳ್ಬೇಡ” ಎಂದಳು. ಅಳುತ್ತಿದ್ದ ನಾನೂ ನಕ್ಕುಬಿಟ್ಟೆ.

ಅವಳು ಅದನ್ನು ಆಟವೆಂದು ತಿಳಿಯಲಿಲ್ಲ. ಚುಚ್ಚುಮದ್ದಿನ ದಿನ ಮಗುವನ್ನು ಎತ್ತಿಕೊಂಡು ನಿಮ್ಮ ಕೇಂದ್ರಕ್ಕೆ ಬರುತ್ತಿದ್ದವಳು ಅವಳೇ. ನಾನು ಗೇಟಿನ ಹೊರಗೆ ಸೆರಗು ಕಚ್ಚಿಕೊಂಡು ನಿಲ್ಲುತ್ತಿದ್ದೆ. ಅಮ್ಮನ ಹೆಸರೇನು ಎಂದು ನರ್ಸು ಕೇಳಿದಾಗ ‘ಮುನಾವರ್ ಬೀ’ ಎಂದಳು. ಕಾರ್ಡಿನಲ್ಲಿ ಅದನ್ನೇ ಬರೆದರು. ಮೂರನೇ ಸಲದ ಸೂಜಿಯಾದ ಮೇಲೆ ಮಧ್ಯಾಹ್ನ ಮಗುವಿಗೆ ಜ್ವರ ಏರಿ ಫಿಟ್ಸ್ ಬಂತು. ಕಣ್ಣು ಮೇಲಾಯಿತು. ನಾನು ಬಾಗಿಲಿಗೆ ಒರಗಿ ಕಿರುಚುತ್ತಾ ನಿಂತೆ, ಅಷ್ಟೇ ನನ್ನಿಂದ ಆದದ್ದು. ಅವಳು ಬರಿಗಾಲಿನಲ್ಲಿ ಮಗುವನ್ನು ಎತ್ತಿಕೊಂಡು ಆಟೋ ಹಿಡಿದು ಶಿವಾಜಿನಗರದ ಆಸ್ಪತ್ರೆಗೆ ಓಡಿದಳು. ಮುಂದೆ ಈ ಸೂಜಿ ಹಾಕಿಸಬೇಕಾದರೆ ನಡೆದದ್ದನ್ನು ಹೇಳಬೇಕು ಎಂದು ಅಲ್ಲಿನ ಡಾಕ್ಟರು ಹೇಳಿಕಳಿಸಿದ್ದು ಅವಳಿಗೆ. ಹೇಳಿ ಮಾನ್ಯರೇ, ಆ ಕಾರ್ಡಿನಲ್ಲಿ ತಾಯಿಯ ಹೆಸರು ಎಂಬಲ್ಲಿ ಬರೆದದ್ದು ಸುಳ್ಳೇ?

ಈಗ ಆ ಕಾರ್ಡು ಯಾಕೆ ಬೇಕಾಯಿತು ಎಂದರೆ, ನಮ್ಮ ಯಜಮಾನರು ವಸಂತ್ ವಿಮಾನಪುರದ ಹತ್ತಿರ ಲೇತ್ ಕೆಲಸದಲ್ಲಿದ್ದಾರೆ. ಅವರ ಅಕ್ಕ ಅಮೆರಿಕದಲ್ಲಿ ನರ್ಸು. ಆಕೆ ಬಹಳ ವರ್ಷಗಳ ಹಿಂದೆ ತಮ್ಮನಿಗೆಂದು ಹಾಕಿದ ಅರ್ಜಿಗೆ ಈಗ ಸರದಿ ಬಂದಿದೆ, ನಾವು ಮೂವರೂ ಹೋಗಬೇಕು. ಅದಕ್ಕೆ ಮದರಾಸಿನಲ್ಲಿ ವೈದ್ಯಕೀಯ ಪರೀಕ್ಷೆ. ಮಗುವಿಗೆ ಯಾವ ಚುಚ್ಚುಮದ್ದು ಯಾವಾಗ ಹಾಕಿದೆ ಎಂಬ ದಾಖಲೆ ತೋರಿಸಬೇಕು, ಇಲ್ಲದಿದ್ದರೆ ಮತ್ತೆ ಹಾಕುತ್ತಾರೆ. ಮತ್ತೆ ಹಾಕಿದರೆ ಮತ್ತೆ ಕಣ್ಣು ಮೇಲಾದರೆ? ಬರಿಗಾಲಿನಲ್ಲಿ ಓಡುವವಳು ಮದರಾಸಿನಲ್ಲಿ ಎಲ್ಲಿ ಸಿಗುತ್ತಾಳೆ? ಕಾರ್ಡು ಮಡಿಕೆಯಲ್ಲಿ ಹರಿದು ಕೆಲವು ತಾರೀಖು ಅಳಿಸಿಹೋಗಿತ್ತು. ಕಮ್ಮನಹಳ್ಳಿಯಲ್ಲಿ ವೀಸಾ ಕಾಗದ ತಯಾರು ಮಾಡಿಕೊಡುವ ನಿತೀಶ್ ಎಂಬ ಹುಡುಗ, “ಹಾಕಿಸಿದ ಕಡೇನೇ ಹೋಗಿ ಡೇಟ್ಸ್ ಬರೆಸ್ಕೊಂಡು ಒಂದು ಸೀಲ್ ಹಾಕಿಸ್ಕೊಂಡು ಬನ್ನಿ ಆಂಟಿ, ಐದು ನಿಮಿಷದ ಕೆಲಸ” ಎಂದ. ಆ ಐದು ನಿಮಿಷದ ಕೆಲಸಕ್ಕೆ ನಿಮ್ಮ ಮುಂದೆ ಬಂದೆವು, ನಾನೂ ಮುನಾವರಕ್ಕನೂ. ಅಳಿಸಿದ ತಾರೀಖುಗಳೆಲ್ಲ ಅವಳಿಗೆ ಬಾಯಿಪಾಠ, ಹಬ್ಬಗಳ ಲೆಕ್ಕದಲ್ಲಿ.

ನೀವು ತಾರೀಖು ನೋಡಲಿಲ್ಲ. ಹೆಸರು ನೋಡಿದಿರಿ.

“ಏನಮ್ಮಾ ಇದು? ತಾಯಿ ಮುನಾವರ್ ಬೀ ಅಂತಿದೆ. ನೀವ್ಯಾರು?”

“ನಾನೇ ಸಾರ್ ಹೆತ್ತೋಳು.”

“ಹಾಗಾದ್ರೆ ಇವ್ರು?”

ಮುನಾವರಕ್ಕ ನಗುತ್ತಾ ಹೇಳಿದಳು, “ನಾನು ಕೊಂಡೋಳು ಸಾರ್. ಒಂದು ಸೇರು ತೌಡು ಕೊಟ್ಟಿದೀನಿ. ಇವ್ಳ ಅತ್ತೆ ರಸೀದಿ ಮಾತ್ರ ಕೊಡ್ಲಿಲ್ಲ.”

ನಿಮ್ಮ ಅಟೆಂಡರ್ ಮಾನಪ್ಪನವರು ನಕ್ಕರು. ಅವರಿಗೆ ಶಾಸ್ತ್ರ ಗೊತ್ತಿತ್ತು. ನೀವು ನಗಲಿಲ್ಲ. “ಮಗು ಮಾರೋದು, ಕೊಳ್ಳೋದು ಕ್ರೈಮ್ ಗೊತ್ತೇನ್ರೀ? ಸ್ಟೇಷನ್‌ಗೆ ಬರೆದ್ರೆ ಇಬ್ರೂ ಒಳಗಿರ್ತೀರ. ಇನ್ನ ಅಮೆರಿಕಾ ಬೇರೆ ಕೇಡು!” ಎಂದಿರಿ.

“ಅದು ಶಾಸ್ತ್ರ ಸಾರ್, ಮಗು ಉಳೀಲಿ ಅಂತ...”

“ಶಾಸ್ತ್ರನೋ ಗೀಸ್ತ್ರನೋ. ನೋಟರಿ ಹತ್ರ ಅಫಿಡವಿಟ್ ಮಾಡಿಸಿ ತನ್ನಿ. ಈಕೆಗೂ ಮಗೂಗೂ ಏನೂ ಸಂಬಂಧ ಇಲ್ಲ ಅಂತ.”

ಸ್ಟೇಷನ್ ಎಂಬ ಮಾತು ಕೇಳಿದ ಮೇಲೆ ನನಗೆ ಮತ್ತೇನೂ ಕೇಳಿಸಲಿಲ್ಲ. ಮೆಯೋ ಹಾಲ್ ಹತ್ತಿರ ಮರದ ಕೆಳಗೆ ಟೈಪ್ ಮಾಡುವವರ ಬಳಿ ಹೋಗಿ ಬರೆಸಿದೆವು. ಓದು ಬಾರದ ಮುನಾವರಕ್ಕ, “ಏನು ಬರ್ದವ್ನೆ, ಓದೇ ರಾಮಾ” ಎಂದಳು. ಬೆರಳಿಟ್ಟು ಓದಿದೆ. ‘ಸದರಿ ಮಗುವಿಗೂ ನನಗೂ ಯಾವುದೇ ರೀತಿಯ ಸಂಬಂಧ ಇರುವುದಿಲ್ಲ ಮತ್ತು ಮುಂದೆಯೂ ಇರತಕ್ಕದ್ದಲ್ಲ.’

“ಮುಂದೇನೂ ಇಲ್ವಾ?” ಎಂದು ಕೇಳಿದಳು.

“ಹಂಗೇ ಬರೀಬೇಕಂತೆ ಅಕ್ಕ.”

ಹೆಬ್ಬೆಟ್ಟು ಒತ್ತಿದಳು. ಬೆರಳಿನ ಮಸಿಯನ್ನು ಸೀರೆಗೆ ಒರೆಸದೆ ಮರಕ್ಕೆ ಒರೆಸಿದಳು. “ಮೇಕೆಗೆ ಮೇವು ಹಾಕಿಲ್ಲ, ನಾನು ಹೋಗಿರ್ತೀನಿ” ಎಂದು ನನ್ನನ್ನು ಬಿಟ್ಟು ಒಬ್ಬಳೇ ಬಸ್ಸು ಹತ್ತಿದಳು. ಇಬ್ಬರದೂ ಒಂದೇ ಬೀದಿ, ಒಂದೇ ಬಸ್ಸು.

ಅಫಿಡವಿಟ್ ತೆಗೆದುಕೊಂಡು, ಹಳೇ ಕಾರ್ಡಿನ ಮೇಲೆ ‘ರದ್ದು’ ಎಂದು ಬರೆದು ಬೀರುವಿನಲ್ಲಿಟ್ಟು, ನೀವು ಕೊಟ್ಟ ಹೊಸ ಪ್ರಮಾಣಪತ್ರ ಚೆನ್ನಾಗಿಯೇ ಇತ್ತು. ತಾಯಿ: ರಾಮಲಕ್ಷ್ಮಮ್ಮ. ಕಂಟೋನ್ಮೆಂಟಿನಲ್ಲಿ ರೈಲು ಹತ್ತಿ ಮದರಾಸಿಗೆ ಹೋದೆವು. ಪರೀಕ್ಷೆ ಮಾಡುವ ಡಾಕ್ಟರಮ್ಮನಿಗೆ ಫಿಟ್ಸಿನ ವಿಷಯ ಹೇಳಿದೆ. ನಮ್ಮ ಬೀದಿಯವರಿಗೆಲ್ಲ ಬರುವ ತಮಿಳಿನಲ್ಲಿ ಅವರು ಮಗಳನ್ನೇ ಕೇಳಿದರು, ಆಗ ನಿನ್ನನ್ನು ಎತ್ತಿಕೊಂಡಿದ್ದವರು ಯಾರಮ್ಮ ಎಂದು. ನೂರು ಸಲ ಕೇಳಿದ ಕತೆ ಅದು, ಸುಕನ್ಯ ಉತ್ಸಾಹದಿಂದ “ನನ್ನ ತೌಡಮ್ಮ” ಎಂದಳು. ನಾನು ಮೇಜಿನ ಕೆಳಗೆ ಅವಳ ತೊಡೆ ಚಿವುಟಿದೆ. ಒಂಬತ್ತು ವರ್ಷದ ಮಗು ಕಣ್ಣು ತುಂಬಿಕೊಂಡು ತೊಡೆ ಉಜ್ಜಿಕೊಂಡಿತು. ಡಾಕ್ಟರಮ್ಮ ಎಲ್ಲವನ್ನೂ ನೋಡಿ, ಹಳೆಯ ಸೂಜಿಗಳನ್ನು ಒಪ್ಪಿಕೊಂಡು, ಬಾಕಿಯಿದ್ದವನ್ನು ಮಾತ್ರ ಹಾಕಿದರು. ಎದ್ದು ಬರುವಾಗ ತಡೆಯಲಾರದೆ ಕೇಳಿದೆ, ಹಳೇ ಕಾರ್ಡಿನಲ್ಲಿ ತಾಯಿಯ ಹೆಸರು ಬೇರೆ ಇದ್ದಿದ್ದರೆ ಏನಾಗುತ್ತಿತ್ತು ಎಂದು. ಅವರು ತಲೆಯೆತ್ತದೆ ಹೇಳಿದರು: “ತಾಯಿ ಹೆಸರು ನಾವು ನೋಡೋದೇ ಇಲ್ಲಮ್ಮ. ಮಗು ಹೆಸರು, ಹುಟ್ಟಿದ ದಿನ, ಸೂಜಿ ಹಾಕಿದ ದಿನ. ಅಷ್ಟೇ.”

ಅಷ್ಟೇ, ಮಾನ್ಯರೇ. ದೇಶಕ್ಕೆ ಬಿಟ್ಟುಕೊಳ್ಳುವವರಿಗೇ ಬೇಡವಾದದ್ದು ನಿಮಗೆ ಬೇಕಾಯಿತು. ಒಂದು ಸೇರು ತೌಡಿನಲ್ಲಿ ಸಾವನ್ನೇ ವಾಪಸ್ ಕಳಿಸಿದ್ದೆವು, ನಿಮ್ಮ ಮೇಜನ್ನು ದಾಟಲು ಆಗಲಿಲ್ಲ.

ಈ ರಂಜಾನಿಗೆ ಮುನಾವರಕ್ಕನ ಮನೆಯಿಂದ ಸುಕನ್ಯಗೆ ಕರೆ ಬರಲಿಲ್ಲ. ಪ್ರತಿ ವರ್ಷ ಅವಳ ಕೈಗೆ ಮದರಂಗಿ ಹಾಕಿದ ಮೇಲೆಯೇ ಆ ಮನೆಯಲ್ಲಿ ಬೇರೆಯವರಿಗೆ. ಇವಳೇ ಹೋಗಿ ಬಾಗಿಲು ತಟ್ಟಿದಳು. ಒಳಗಿನಿಂದ ದನಿ ಬಂತು, “ಮನೆಗೆ ಹೋಗು ಪಾಪು, ನಿಮ್ಮಮ್ಮ ಕಾಯ್ತಾಳೆ.” ನಿಮ್ಮಮ್ಮ! ನಾನು ಹೋಗಿ ಕೇಳಿದೆ, “ಏನಕ್ಕ, ಕೋಪನಾ?”

ಬಾಗಿಲು ಸ್ವಲ್ಪ ತೆಗೆದಳು. “ಕೋಪ ಯಾಕೇ? ಸಂಬಂಧ ಇಲ್ಲ ಅಂತ ಹೆಬ್ಬೆಟ್ಟು ಒತ್ತಿದೀನಿ. ಯಾರಾದ್ರೂ ವಿಚಾರಣೆಗೆ ಬಂದು, ಅವ್ಳು ನನ್ ಮಡಿಲಲ್ಲಿ ಕೂತಿರೋದು ನೋಡಿದ್ರೆ? ಮಗೂಗೆ ವೀಸಾ ಹೋಗ್ಬಿಡುತ್ತೆ.”

“ಯಾರೂ ಬರಲ್ಲ ಅಕ್ಕ.”

“ಇದನ್ನ ನೀನು ಹೇಳ್ತೀಯಾ? ಗ್ಯಾಸ್ ಆರ್ಸಿದೀನಾ ಅಂತ ಮೂರ್ಮೂರು ಸಲ ನೋಡೋಳು!”

ಇಬ್ಬರೂ ನಕ್ಕೆವು. ನಕ್ಕು ಮುಗಿದ ಮೇಲೆ ಬಾಗಿಲು ಹಾಕಿಕೊಂಡಳು.

ನೀವು ಬರೆಸಿದ ಮಾತನ್ನು ಈ ಊರಿನಲ್ಲಿ ಅಕ್ಷರಶಃ ನಡೆಸುತ್ತಿರುವವಳು ಅವಳೊಬ್ಬಳೇ. ನಿಮಗೆ ಅದು ನೆನಪಾದರೂ ಇದೆಯೇ? ಮಗುವಿನ ಒಳ್ಳೆಯದಕ್ಕೆಂದು ಅವಳು ಕೊಂಡಳು, ಮಗುವಿನ ಒಳ್ಳೆಯದಕ್ಕೆಂದೇ ಬಾಗಿಲು ಹಾಕಿಕೊಂಡಿದ್ದಾಳೆ. ಮದುವೆಯ ಹೊತ್ತಿಗೆ ಸೀರೆ ಉಡಿಸಿ, ಕಾಲಿಗೆ ಬಿದ್ದು ಬಿಡಿಸಿಕೊಳ್ಳಬೇಕಾಗಿದ್ದ ಮಗಳನ್ನು ನಾನು ಮರದ ಕೆಳಗೆ, ಟೈಪು ಯಂತ್ರದ ಮುಂದೆ ಕಿತ್ತುಕೊಂಡೆ. ಶಾಸ್ತ್ರ ಮುಗಿಯದೆ ಬಿಡಿಸಿಕೊಂಡ ಮಗುವಿಗೆ ಏನಾಗುತ್ತದೋ ಎಂದು ದಿನವೂ ಅವಳ ಹಣೆ ಮುಟ್ಟಿ ನೋಡುತ್ತೇನೆ. ನೀವು ಇದನ್ನು ಮೂಢನಂಬಿಕೆ ಎನ್ನುತ್ತೀರಿ. ಇರಬಹುದು. ಸಂಬಂಧ ಇಲ್ಲ ಎಂದು ಟೈಪ್ ಮಾಡಿದರೆ ಸಂಬಂಧ ಇಲ್ಲದಂತಾಗುತ್ತದೆ ಎಂದು ನೀವು ನಂಬಿದ್ದೀರಲ್ಲ, ಅದಕ್ಕೆ ಏನೆನ್ನುತ್ತಾರೆ?

ಸಂಕ್ರಾಂತಿಯ ಎಳ್ಳು ಬೀರಿದ ಮೇಲೆ ನಾವು ಹೊರಡುತ್ತೇವೆ. ಅದಕ್ಕೆ ಮುಂಚೆ ನನಗೆ ಬೇಕಾದದ್ದು ಎರಡು. ರದ್ದು ಮಾಡಿದ ಆ ಕಾರ್ಡನ್ನು ವಾಪಸ್ ಕೊಡಿ. ಯಾವ ದೇಶಕ್ಕೂ ತೋರಿಸುವುದಕ್ಕಲ್ಲ, ಮಗಳ ಪೆಟ್ಟಿಗೆಯಲ್ಲಿ ಇರಲಿ. ಮತ್ತೆ, ನಿಮ್ಮ ಕಚೇರಿಯ ಕಾಗದದಲ್ಲಿ ಒಂದೇ ಸಾಲು ಬರೆದು ಮೊಹರು ಹಾಕಿ ಮುನಾವರ್ ಬೀಗೆ ಕಳಿಸಿ: ‘ಮಗುವನ್ನು ಎತ್ತಿಕೊಳ್ಳಲು ಅಡ್ಡಿಯಿಲ್ಲ.’ ಓದಲು ಬಾರದಿದ್ದರೂ ಮೊಹರಿನ ಗುರುತು ಅವಳಿಗೆ ಗೊತ್ತು. ನನ್ನ ಮಾತನ್ನು ಅವಳು ನಂಬುವುದಿಲ್ಲ, ನಾನು ಹೆದರುಪುಕ್ಕಲಿ. ನಿಮ್ಮ ಮೊಹರನ್ನು ನಂಬುತ್ತಾಳೆ. ಬಾಗಿಲು ತೆಗೆಯುತ್ತಾಳೆ.

ಇಂತಿ,
ಒಂದು ಸೇರು ತೌಡಿಗೆ ಮಗಳನ್ನು ಕೊಟ್ಟು ಉಳಿಸಿಕೊಂಡವಳು,
ಒಂದು ಮೊಹರಿಗೆ ಅಕ್ಕನನ್ನು ಕೊಟ್ಟು ಕಳೆದುಕೊಂಡವಳು,
ರಾಮಲಕ್ಷ್ಮಮ್ಮ
ಮರ್ಫಿ ಟೌನ್, ಬೆಂಗಳೂರು